ಸೊಂಟಕ್ಕೊಂದು ಸಣ್ಣ ರಿವಾಲ್ವರ್

ಅಣ್ಣನನ್ನು ಕೊಂದವರನ್ನು ನಾನು ಕಣ್ಣಾರೆ ನೋಡಿದ್ದೆ. ಮಲವಗೊಪ್ಪದ ಹತ್ತಿರ ರಸ್ತೆ ಬದಿಯ ಟೀ ಅಂಗಡಿ, ಬೆಳಿಗ್ಗೆ ಹತ್ತು ಗಂಟೆ. ಅಣ್ಣ ಲೋಟ ಹಿಡಿದುಕೊಂಡು ನನ್ನ ಕಡೆ ತಿರುಗಿ ಏನೋ ಹೇಳುತ್ತಿದ್ದ. ಇಬ್ಬರು ಹಿಂದಿನಿಂದ ಬಂದರು. ಒಬ್ಬ ಅಣ್ಣನ ಪಕ್ಕದ ಸೈಟಿನವನು. ಕಾಂಪೌಂಡಿನ ಜಾಗಕ್ಕಾಗಿ ಅವರಿಬ್ಬರಿಗೂ ವರ್ಷದಿಂದ ಜಗಳವಿತ್ತು. ನಾನು ಹದಿನೇಳು ವರ್ಷ ಸೈನ್ಯದಲ್ಲಿದ್ದವನು. ಅವತ್ತು ಕೈಯಲ್ಲಿದ್ದ ಬಿಸ್ಕತ್ತನ್ನು ಕೂಡ ಕೆಳಗಿಡಲಿಲ್ಲ.

ಪೊಲೀಸರಿಗೆ ಎಲ್ಲವನ್ನೂ ಸ್ಪಷ್ಟವಾಗಿ ಹೇಳಿದೆ. ಟೀ ಅಂಗಡಿಯವನೂ ಹೇಳಿದ. ಇಬ್ಬರೂ ಜಾಮೀನಿನ ಮೇಲೆ ಹೊರಬಂದ ವಾರದಲ್ಲೇ ಬೈಕಿನಲ್ಲಿ ಯಾರೋ ನಮ್ಮ ಮನೆಗೆ ಬಂದು ಹೆಂಡತಿಯ ಹತ್ತಿರ ನೀರು ಕೇಳಿ ಕುಡಿದರಂತೆ. "ಯಜಮಾನ್ರು ಯಾವ ಬಸ್ಸಿಗೆ ಓಡಾಡ್ತಾರೆ ಅಂತ ನಮಗೆ ಗೊತ್ತಿದೆ, ಅಕ್ಕ" ಎಂದಷ್ಟೇ ಹೇಳಿ ಹೋದರಂತೆ.

ಆಗ ನಾನು ದುರ್ಗಿಗುಡಿಯ ಒಂದು ಚಿನ್ನದಂಗಡಿಯಲ್ಲಿ ಗನ್‌ಮ್ಯಾನ್. ಲೈಸೆನ್ಸ್ ಇರುವ ಜೋಡಿನಳಿಗೆ ಕೋವಿ ನನ್ನದೇ. ಅದನ್ನು ಹೆಗಲಿಗೆ ಹಾಕಿಕೊಂಡು ತರಕಾರಿ ತರಲು ಹೋಗಲಾಗುವುದಿಲ್ಲ. ಎರಡನೆಯದೊಂದು ಬೇಕು, ಸೊಂಟದಲ್ಲಿ ಯಾರಿಗೂ ಕಾಣದಂಥದ್ದು ಎಂದು ಅರ್ಜಿ ಹಾಕಿದೆ. ಅಲ್ಲಿಂದ ಹುಡುಕಾಟ ಹತ್ತಿಕೊಂಡಿತು. ಹೊಡೆಯುವಾಗ ಯಾವುದರಲ್ಲಿ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ, ಯಾವುದರಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ? ಮೊಬೈಲಿನಲ್ಲಿ ವಿಡಿಯೊ ನೋಡಿದೆ, ಹಳೇ ಪಲ್ಟನ್ನಿನವರಿಗೆ ಫೋನ್ ಮಾಡಿದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ಬೈಯುತ್ತಿದ್ದರು. ಅಣ್ಣನಿಗಾಗಿ ನಾನು ಅತ್ತದ್ದಕ್ಕಿಂತ ಈ ನೋಟ್‌ಬುಕ್ ನೋಡಿದ್ದೇ ಹೆಚ್ಚು.

"ಊಟಕ್ಕೆ ಕೂತಾಗ್ಲೂ ಅದೇ ಆಯ್ತಲ್ರೀ," ಎಂದಳು ಹೆಂಡತಿ.

"ಒಂದ್ಸಲ ಸರಿಯಾಗಿ ತಿಳ್ಕೊಂಡ್ರೆ ಮುಗೀತು."

"ತಿಳ್ಕೊಂಡು?"

ನಾನು ಅನ್ನಕ್ಕೆ ಸಾರು ಕಲಸಿಕೊಂಡೆ.

ಪೊಲೀಸ್ ಇಲಾಖೆಯಲ್ಲಿ ಆಯುಧ ರಿಪೇರಿ ಮಾಡಿ ನಿವೃತ್ತರಾದ ಒಬ್ಬರು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮಗಳ ಜೊತೆ ಇದ್ದಾರೆ ಎಂದು ತಿಳಿದು ಒಂದು ಭಾನುವಾರ ಹೋದೆ. ಅವರು ನನ್ನ ನೋಟ್‌ಬುಕ್ಕನ್ನು ಕೊನೆಯ ಹಾಳೆಯವರೆಗೂ ಓದಿದರು.

"ಚಿಕ್ಕ ಪಿಸ್ತೂಲು ಬೇಡ ತಮ್ಮ," ಎಂದರು. "ಹಿಡಿ ಗಿಡ್ಡ, ಸ್ಪ್ರಿಂಗ್ ಬಿಗಿ. ಹಿಡಿತ ಸ್ವಲ್ಪ ಸಡಿಲ ಆದ್ರೆ ತೋಟಾ ಸಿಕ್ಕಾಕ್ಕೊಳ್ಳತ್ತೆ. ರಿವಾಲ್ವರ್ ತಗೋ. ಒಂದು ಹಾರಲಿಲ್ಲ ಅಂದ್ರೆ ಇನ್ನೊಂದ್ಸಲ ಒತ್ತೋದು, ಅಷ್ಟೇ."

"ತಗೊಂಡ ಮೇಲೆ ನಂಬಬಹುದಾ ಸಾರ್?"

"ಹೊಡೆದು ನೋಡಬೇಕು. ಇನ್ನೂರಾದ್ರೂ ಹೊಡೀಬೇಕು, ಒಂದೂ ತಪ್ಪಬಾರದು. ಆಮೇಲೆ ನಂಬು."

ನನ್ನಂಥವನಿಗೆ ಅಷ್ಟು ತೋಟಾ ಎಲ್ಲಿ ಸಿಗಬೇಕು? ಹೊಡೆಯಲು ಜಾಗ ಯಾವುದು? ಅದನ್ನೇ ಕೇಳಿದೆ. ಅವರು ಒಳಗಿನಿಂದ ಒಂದು ಸ್ಪ್ಯಾನರ್ ತಂದರು. "ಸೊಂಟಕ್ಕೆ ಸಿಕ್ಕಿಸ್ಕೊ. ನಾನು ಚಪ್ಪಾಳೆ ತಟ್ಟಿದಾಗ ತೆಗಿ."

ಅವರು ಚಪ್ಪಾಳೆ ತಟ್ಟಿದರು. ಸ್ಪ್ಯಾನರ್ ಅಂಗಿಗೆ ಸಿಕ್ಕಿಕೊಂಡಿತು. ಎರಡನೇ ಸಲ ಕೈಜಾರಿ ನೆಲಕ್ಕೆ ಬಿತ್ತು. ಮೂರನೇ ಸಲ ತಟ್ಟಲು ಎತ್ತಿದ ಕೈಯನ್ನು ಅವರು ಹಾಗೇ ಇಳಿಸಿದರು. ನನ್ನ ಬಲಗೈ ನಡುಗುತ್ತಿದ್ದದ್ದನ್ನು ಅವರು ನೋಡಿದ್ದರು.

"ಎಷ್ಟು ದಿನದಿಂದ ಹೀಗೆ?"

"ಅಣ್ಣ ಹೋದಾಗಿಂದ."

"ಬರೋರು ಹೇಳಿ ಬರಲ್ಲಪ್ಪ," ಎಂದರು ಮೆಲ್ಲಗೆ. ಅವರ ಮಗಳು ತಂದ ಕಾಫಿಯನ್ನು ಕುಡಿಯಲಾಗಲಿಲ್ಲ.

ಅರ್ಜಿ ಇನ್ನೂ ಕಚೇರಿಯಲ್ಲಿದ್ದಾಗಲೇ ಸಾಕ್ಷಿ ಹೇಳುವ ದಿನ ಬಂತು. ಕೋರ್ಟಿನ ಗೇಟಿನಲ್ಲಿ ಪೊಲೀಸಿನವನು ನನ್ನ ಜೇಬು, ಸೊಂಟ ಎಲ್ಲ ತಡವಿ ಒಳಗೆ ಬಿಟ್ಟ. ಅಷ್ಟು ತಿಂಗಳು ಓದಿದವನಿಗೆ ಇದೊಂದು ಹೊಳೆದೇ ಇರಲಿಲ್ಲ. ಟೀ ಅಂಗಡಿಯವನು ನನಗಿಂತ ಮೊದಲೇ, ತಾನು ಆ ಹೊತ್ತಿನಲ್ಲಿ ಹಾಲು ತರಲು ಹೋಗಿದ್ದೆ ಎಂದು ಹೇಳಿ ಕಟಕಟೆಯಿಂದ ಇಳಿದಿದ್ದ. ಹೊಳೆಹೊನ್ನೂರಿನ ತವರಿನಿಂದ ಅತ್ತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಸರ್ಕಾರಿ ವಕೀಲರು ಆರೋಪಿಗಳಿಬ್ಬರನ್ನು ತೋರಿಸಿ, "ಇವರೇನಾ?" ಎಂದು ಕೇಳಿದರು.

ಪಕ್ಕದ ಸೈಟಿನವನು ನನ್ನನ್ನು ನೋಡುತ್ತಲೂ ಇರಲಿಲ್ಲ. ಉಗುರು ನೋಡಿಕೊಳ್ಳುತ್ತಿದ್ದ.

"ಗುರುತು ಹಿಡಿಯೋಕೆ ಆಗ್ತಿಲ್ಲ," ಎಂದೆ.

ಪೊಲೀಸರ ಮುಂದೆ ನಾನು ಕೊಟ್ಟಿದ್ದ ಹೇಳಿಕೆಯನ್ನು ವಕೀಲರು ಓದಿ ಓದಿ ಕೇಳಿದರು. ಪ್ರತಿ ಸಾಲಿಗೂ ನಾನು ಇಲ್ಲ, ನೆನಪಿಲ್ಲ ಎಂದೆ. ನನ್ನ ದನಿ ಎಲ್ಲೂ ತಡವರಿಸಲಿಲ್ಲ. ಅದು ನನಗೇ ಆಶ್ಚರ್ಯ.

ಹೊರಗೆ ಮೆಟ್ಟಿಲ ಹತ್ತಿರ ಅತ್ತಿಗೆ ನಿಂತಿದ್ದರು. "ನೀನು ಮಿಲಿಟರಿಯೋನು ಅಂತ ನಾನು ಧೈರ್ಯವಾಗಿದ್ದೆ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಇಬ್ಬರೂ ಖುಲಾಸೆಯಾದರು. ಮಗಳ ಮದುವೆಯ ಒಡವೆಗೆಂದು ಆ ಪಕ್ಕದ ಸೈಟಿನವನು ನಮ್ಮ ಅಂಗಡಿಗೇ ಬಂದ, ಮನೆಮಂದಿಯ ಜೊತೆ. ಕೋವಿ ನನ್ನ ಹೆಗಲಲ್ಲಿತ್ತು. ನಾನು ಬಾಗಿಲು ತೆರೆದೆ. ಅವನು ತಲೆಯಾಡಿಸಿ ಒಳಗೆ ಹೋದ.

ಎರಡನೇ ಆಯುಧಕ್ಕೆ ಅನುಮತಿ ಬಂದಾಗ ಹೆಂಡತಿ ಕಾಗದವನ್ನು ಟೇಬಲ್ಲಿನ ಮೇಲಿಟ್ಟಳು. ನಾನು ಕೊಳ್ಳಲಿಲ್ಲ. ಅಣ್ಣನ ವರ್ಷದ ತಿಥಿಗೆ ಹೊಳೆಹೊನ್ನೂರಿಗೆ ಹೋದರೆ ಅತ್ತಿಗೆ ಎಲೆ ಹಾಕುತ್ತಾರೆ, ಎಲ್ಲರಿಗೂ ಬಡಿಸುವ ಹಾಗೆ ನನಗೂ ಬಡಿಸುತ್ತಾರೆ. ಇನ್ನೂ ಬೇಕಾ ಎಂದು ಮಾತ್ರ ನನ್ನನ್ನು ಕೇಳುವುದಿಲ್ಲ.