ಗಗನನೌಕೆಯ ಇಡ್ಲಿ ತಟ್ಟೆ

ನನ್ನ ಚಿಕ್ಕಮ್ಮನ ಮಗ ತುಂಬ ಒಳ್ಳೆಯವನು ಎಂದು ಯಾರಾದರೂ ಶುರುಮಾಡಿದರೆ ನಾನೀಗ ಎದ್ದು ಒಳಗೆ ಹೋಗುತ್ತೇನೆ. ಹಾಗೆ ಹೇಳುವವರಿಗೇನೂ ಬರವಿಲ್ಲ. ಮುಂಬಯಿ ಹೊರವಲಯದ ಕಾಮೋಠೆಯಲ್ಲಿ ಅವನ ಹೌಸಿಂಗ್ ಸೊಸೈಟಿಯವರು ಹೇಳುತ್ತಾರೆ, ಕಲ್ಯಾಣದಲ್ಲಿ ಅವನ ಅಪ್ಪ ಅಮ್ಮ ಹೇಳುತ್ತಾರೆ, ಇಲ್ಲಿ ಡೊಂಬಿವಲಿಯಲ್ಲಿ ನನ್ನ ಹೆತ್ತ ಅಮ್ಮನೇ ಹೇಳುತ್ತಾರೆ. ಮೊನ್ನೆ ಮೊನ್ನೆಯವರೆಗೆ ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಶಾಲೆಗೆ ಹೋಗುವ ಕಾಲದಲ್ಲಿ ಅವನು ತನ್ನ ಮನೆಗಿಂತ ನಮ್ಮ ಮನೆಯಲ್ಲೇ ಹೆಚ್ಚು ಇರುತ್ತಿದ್ದ. ನನಗಿಂತ ಸ್ವಲ್ಪ ಚಿಕ್ಕವನು. ಒಡಹುಟ್ಟಿದವರಿಲ್ಲದ ನನಗೆ ತಮ್ಮ ಎಂದರೆ ಅವನೇ.

ನಮ್ಮಿಬ್ಬರನ್ನು ಒಂದೇ ಹುಚ್ಚಿಗೆ ಕಟ್ಟಿಹಾಕಿದ್ದು ಗಗನಯಾನದ ಸಾಹಸದ ಒಂದು ಸಿನಿಮಾ ಸರಣಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಅಭಿಮಾನಿಗಳು ವಾದಕ್ಕೆ ಬರುತ್ತಾರೆ. ಒಂದು ಹಳೆಯ ಸರಕು ನೌಕೆ, ಅದರೊಳಗೆ ಸದಾ ಜಗಳಾಡುವ ಐದಾರು ಮಂದಿ, ಗ್ರಹದಿಂದ ಗ್ರಹಕ್ಕೆ ಓಟ. ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ನಾವು ನೋಡುತ್ತಿದ್ದದ್ದು ಕಥೆಯನ್ನಲ್ಲ, ಪರದೆಯ ಮೂಲೆಗಳನ್ನು. ನಾಯಕಿಯ ಎಡಗೈಯಲ್ಲಿದ್ದ ಕೈಗವಸು ಬಾಗಿಲು ದಾಟುವಷ್ಟರಲ್ಲಿ ಬಲಗೈಗೆ ಬಂದಿರುತ್ತದೆ. ಯಾವುದೋ ಗ್ರಹದ ರಾಜನ ಕಾವಲುಗಾರ ನಮ್ಮ ನಿಮ್ಮಂತೆ ಕೈಗಡಿಯಾರ ಕಟ್ಟಿಕೊಂಡು ಈಟಿ ಹಿಡಿದು ನಿಂತಿರುತ್ತಾನೆ. ಇಂಥದ್ದೊಂದು ಕಣ್ಣಿಗೆ ಬಿದ್ದರೆ ನಮಗೆ ಆ ವಾರವೆಲ್ಲ ಹಬ್ಬ.

ಆದರೆ ಎಲ್ಲಕ್ಕಿಂತ ದೊಡ್ಡದನ್ನು ಕಂಡುಹಿಡಿದದ್ದು ನಾವಲ್ಲ, ನಮ್ಮ ಅಪ್ಪ.

ಅಪ್ಪ ಠಾಣೆಯಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ಉಡುಪಿ ಕಡೆಯ ಹೋಟೆಲಿನವರಿಗೆ ರಜೆ ಎಂದರೆ ಏನೆಂದೇ ಗೊತ್ತಿರುವುದಿಲ್ಲ. ಅಪ್ಪ ತಮ್ಮ ಮದುವೆಯ ಮರುದಿನವೂ ಹೋಟೆಲಿನ ಹಣದ ಗಲ್ಲೆಯ ಮೇಲೆ ಕೂತಿದ್ದರಂತೆ. ಒಂದು ದಿನ ರಸ್ತೆ ಅಗೆಯುವವರು ನೀರಿನ ಪೈಪು ಒಡೆದುಹಾಕಿ, ನೀರಿಲ್ಲದೆ ಹೋಟೆಲ್ ಮುಚ್ಚಬೇಕಾಯಿತು. ಮಧ್ಯಾಹ್ನ ಏನು ಮಾಡುವುದೆಂದು ತೋಚದೆ ಅಪ್ಪ ನಮ್ಮಿಬ್ಬರನ್ನು ಸಿನಿಮಾಕ್ಕೆ ಕರೆದೊಯ್ದರು. ಅದು ಆ ಸರಣಿಯ ಎರಡನೇ ಭಾಗ. ಟಾಕೀಸಿನ ಫ್ಯಾನಿನ ಕೆಳಗೆ ಕೂತದ್ದೇ ಅಪ್ಪ ಗೊರಕೆ ಹೊಡೆಯತೊಡಗಿದರು. ಎಚ್ಚರವಾದಾಗ ಪರದೆಯ ಮೇಲೆ ನೌಕೆಯ ಎಂಜಿನ್ ಕೋಣೆಯಲ್ಲಿ ಕ್ಯಾಪ್ಟನ್ ಮತ್ತು ಮೆಕ್ಯಾನಿಕ್ ಕಿತ್ತಾಡುತ್ತಿದ್ದರು. ಅಪ್ಪ ಒಂದು ಕ್ಷಣ ನೋಡಿದರು, ಆಮೇಲೆ ಇಡೀ ಟಾಕೀಸಿಗೆ ಕೇಳುವಂತೆ ಹೇಳಿದರು: "ಹೋಯ್, ಅದು ಇಡ್ಲಿ ತಟ್ಟೆ ಅಲ್ವಾ!"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಪ್ಪನಿಗೆ ಅದರ ಪರಿವೆಯಿಲ್ಲ. "ಎಡಗಡೆ, ಗೋಡೆಯ ತುದಿಯಲ್ಲಿ ನೋಡಿ ಮಕ್ಕಳೇ. ತಲೆಕೆಳಗೆ ಸಿಕ್ಕಿಸಿದ್ದಾರೆ. ಕುಳಿ ಉಂಟು, ಮಧ್ಯದಲ್ಲಿ ಕಡ್ಡಿ ಹಾಕುವ ತೂತು ಉಂಟು." ನಿಜವಾಗಿಯೂ ಇತ್ತು. ಕೆಂಪು ದೀಪ, ಬಣ್ಣದ ವೈರುಗಳ ನಡುವೆ ಎಂಥದೋ ಭಯಂಕರ ಯಂತ್ರದ ಭಾಗವೆಂಬಂತೆ ಮನೆಯಲ್ಲಿ ಬಳಸುವಂಥ ಒಂದು ಇಡ್ಲಿ ತಟ್ಟೆ. ನಾನು ನೋಡಿದೆ, ಪಕ್ಕದಲ್ಲಿ ಕೂತ ಅವನೂ ನೋಡಿದ. ನಗು ತಡೆಯಲಾರದೆ ನನ್ನ ತೋಳನ್ನು ಜಿಗುಟಿದ.

ಮನೆಗೆ ಬಂದು ಹೇಳಿದರೆ ಅಮ್ಮ ನಂಬಲಿಲ್ಲ. "ನಿದ್ದೆಗಣ್ಣಿನಲ್ಲಿ ಕಂಡಿರಬೇಕು" ಎಂದು ನಕ್ಕುಬಿಟ್ಟರು. ಆ ನಗು ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಅಮ್ಮ ಅದನ್ನು ಚಿಕ್ಕಮ್ಮನಿಗೆ ಹೇಳಿದರು, ಚಿಕ್ಕಮ್ಮ ಊರಿಗೆಲ್ಲ ಹೇಳಿದರು. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ, ಎಲ್ಲಿ ಹೋದರೂ ಅಪ್ಪನನ್ನು ಕಂಡವರಿಗೆ ಒಂದೇ ಮಾತು: ಭಟ್ಟರಿಗೆ ಆಕಾಶದಲ್ಲೂ ಇಡ್ಲಿಯೇ ಕಾಣುವುದು. ಅಪ್ಪ ಸಿಟ್ಟಾಗುತ್ತಿರಲಿಲ್ಲ. "ಮಕ್ಕಳೂ ನೋಡಿದ್ದಾರೆ, ಕೇಳಿ ಬೇಕಾದರೆ" ಎನ್ನುತ್ತಿದ್ದರು. ಮಕ್ಕಳನ್ನು ಯಾರು ಕೇಳುತ್ತಾರೆ?

ತೋರಿಸೋಣವೆಂದರೆ ತೋರಿಸಲು ಏನೂ ಇರಲಿಲ್ಲ. ಮುಂದೆ ಬಾಡಿಗೆಗೆ ಬಂದ ಸಿ.ಡಿ.ಗಳಲ್ಲಿ ಟಿ.ವಿ.ಯ ಅಳತೆಗೆಂದು ಚಿತ್ರದ ಎರಡೂ ಬದಿ ಕತ್ತರಿಸಿದ್ದರು. ಕ್ಯಾಪ್ಟನ್ ಇದ್ದ, ಮೆಕ್ಯಾನಿಕ್ ಇದ್ದ, ತಟ್ಟೆ ಇದ್ದ ಎಡ ತುದಿಯೇ ಇರಲಿಲ್ಲ. ಆಮೇಲೆ ಆ ಎರಡನೇ ಭಾಗದ ಹಕ್ಕು ಯಾರದೆಂದು ಅಮೆರಿಕದಲ್ಲೆಲ್ಲೋ ಜಗಳ ಹತ್ತಿ, ಮೊಬೈಲಿನಲ್ಲಿ ಲೋಕದ ಸಿನಿಮಾವೆಲ್ಲ ಬಂದರೂ ಅದೊಂದು ಬರಲಿಲ್ಲ. ಅಪ್ಪ ಕಾಯಿಲೆ ಬಿದ್ದು ಮಲಗಿದ್ದಾಗ ಒಮ್ಮೆ ನನ್ನನ್ನು ಕೇಳಿದರು, "ಅದು ಇತ್ತಲ್ಲ, ಮಗ?" ಇತ್ತು ಅಪ್ಪ, ಎಂದೆ. "ಎಲ್ಲಾದರೂ ಸಿಕ್ಕಿದರೆ ಅಮ್ಮನಿಗೆ ತೋರಿಸು." ಅದಾಗಿ ಸ್ವಲ್ಪ ಸಮಯಕ್ಕೇ ಹೋಗಿಬಿಟ್ಟರು. ಬೇರೇನನ್ನೂ ಅವರು ನನ್ನ ಹತ್ತಿರ ಕೇಳಿರಲಿಲ್ಲ.

ತಮ್ಮ ದೊಡ್ಡವನಾಗಿ ಐರೋಲಿಯ ಒಂದು ಕಂಪನಿಗೆ ಸೇರಿದ. ಸಿನಿಮಾದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒರೆಸಿ ತಿದ್ದುವ ಕೆಲಸ. ನಾಯಕನನ್ನು ಹಾರಿಸಿದ ಹಗ್ಗ, ಅಕಸ್ಮಾತ್ ಇಣುಕಿದ ಮೈಕು, ನಾಯಕಿಯ ಮೊಡವೆ, ಹೀಗೆ ಕಾಣಬಾರದ್ದನ್ನು ಕಾಣದಂತೆ ಮಾಡುವುದು. ನಮ್ಮಂಥ ಮೂಲೆ ನೋಡುವವರ ವಾಟ್ಸಾಪ್ ಗ್ರೂಪಿಗೆ ನನ್ನನ್ನು ಸೇರಿಸಿದವನೂ ಅವನೇ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಮಂದಿ. ಮರಾಠಿಯವರು, ಗುಜರಾತಿಯವರು, ನಾವಿಬ್ಬರು. ಭಾನುವಾರ ಯಾವುದಾದರೊಂದು ಮಾಲಿನ ಊಟದ ಮಹಡಿಯಲ್ಲಿ ಸೇರುತ್ತಿದ್ದೆವು. ಹೊಸತೊಂದು ಕಂಡವರು ಎಲ್ಲರಿಗೂ ಚಹಾ ಕುಡಿಸಬೇಕು ಎಂಬುದು ಗ್ರೂಪಿನ ಪದ್ಧತಿ. ಇನ್ನೊಂದು ಪದ್ಧತಿ, ಕಂಡದ್ದನ್ನು ಯಾರೂ 'ತಪ್ಪು' ಎನ್ನುವಂತಿಲ್ಲ. 'ಸಿಕ್ಕಿತು' ಎನ್ನಬೇಕು. ಯಾಕೆಂದರೆ ನಾವು ಹುಳುಕು ಹುಡುಕುವವರಲ್ಲ. ಆ ಕೈಗಡಿಯಾರದ ಕಾವಲುಗಾರನ ಮೇಲೆ ನಮಗಿದ್ದ ಪ್ರೀತಿ ಅವನ ಹೆಂಡತಿಗೂ ಇದ್ದಿರಲಾರದು.

ಇಡ್ಲಿ ತಟ್ಟೆಯ ವಿಷಯ ಮಾತ್ರ ನಾನು ಗ್ರೂಪಿನಲ್ಲಿ ಹೇಳಲಿಲ್ಲ. ಮೊದಲು ಅಮ್ಮ ನೋಡಲಿ ಎಂದು ನನಗಿತ್ತು. ತಮ್ಮನೂ ಒಪ್ಪಿದ್ದ. "ಅದು ಘರ್ ಕಾ ಮ್ಯಾಟರ್ ಅಕ್ಕ. ಅವರಿಗೆ ಯಾಕೆ?" ಎಂದಿದ್ದ.

ಕಳೆದ ವರ್ಷ ಆ ಹಕ್ಕಿನ ಜಗಳ ಬಗೆಹರಿದು, ಎರಡನೇ ಭಾಗವನ್ನು ತೊಳೆದು ಹೊಸದು ಮಾಡಿ ಮತ್ತೆ ಥಿಯೇಟರಿಗೆ ತರುತ್ತಾರೆ ಎಂಬ ಸುದ್ದಿ ಬಂತು. ನಾನು ಆಫೀಸಿನಲ್ಲಿ ಕೂತಲ್ಲೇ ಅತ್ತುಬಿಟ್ಟೆ. ತಮ್ಮನಿಗೆ ಫೋನು ಮಾಡಿ, ಅಮ್ಮನನ್ನು ಕರೆದುಕೊಂಡು ಹೋಗೋಣ, ಪೂರ್ತಿ ಅಗಲದ ಪರದೆ, ಎಡ ತುದಿ ಕಾಣುತ್ತದೆ ಕಣೋ ಎಂದೆ. ಅವನು "ಹಾಂ ಅಕ್ಕ, ಹೋಗುವ" ಎಂದ. ದನಿ ಸಪ್ಪೆಯಾಗಿತ್ತು. ಕೆಲಸ ಜಾಸ್ತಿ, ಎಂದ. ಏನು ಕೆಲಸ ಎಂದರೆ ಸಾಬೂನಿನ ಜಾಹೀರಾತು, ಎಂದ. ಪರದೆಯ ಮೂಲೆಯಲ್ಲಿ ಇರುವೆ ಹರಿದರೂ ಕಾಣುವ ನನ್ನ ಕಣ್ಣಿಗೆ ಮನೆಯ ಹುಡುಗನ ಸುಳ್ಳು ಕಾಣಲಿಲ್ಲ.

ಘೋಡಬಂದರ್ ರಸ್ತೆಯ ಮಾಲಿಗೆ ಹೋದೆವು. ಮಂಡಿನೋವಿನ ಅಮ್ಮ, ಮದುವೆಗೆ ಹೊರಟಂತೆ ಸೀರೆ ಉಟ್ಟು, ಚೀಲದಲ್ಲಿ ಚಕ್ಕುಲಿ ತುಂಬಿಕೊಂಡು ಬಂದಿದ್ದರು. ಬಾಗಿಲಲ್ಲಿ ಸೆಕ್ಯೂರಿಟಿಯವರು ಚಕ್ಕುಲಿಯನ್ನು ತೆಗೆಸಿಟ್ಟುಕೊಂಡರು. "ನಾವೇನು ಇದನ್ನು ಎಸೆದು ಯಾರನ್ನಾದರೂ ಕೊಲ್ಲುತ್ತೇವಾ?" ಎಂದು ಅಮ್ಮ ಕನ್ನಡದಲ್ಲೇ ಕೇಳಿದರು. ನಾನು ಅವರ ಬಲಕ್ಕೆ, ತಮ್ಮ ಎಡಕ್ಕೆ. ಗ್ರೂಪಿನವರು ನಮ್ಮ ಮುಂದಿನ ಸಾಲಿನಲ್ಲಿ.

ಶುರುವಾಗಿ ಸ್ವಲ್ಪ ಹೊತ್ತಿಗೇ ಮುಂದಿನ ಸಾಲಿನಲ್ಲಿ ಗೊಣಗಾಟ ಎದ್ದಿತು. ಕೈಗವಸು ಎಡಗೈಯಲ್ಲೇ ಇತ್ತು. ಕಾವಲುಗಾರ ಬಂದ, ಮಣಿಕಟ್ಟು ಬೋಳು. ಆದರೂ ಯಾರಿಗೂ ಗೊತ್ತಿಲ್ಲದ್ದನ್ನು ಯಾರು ಮುಟ್ಟುತ್ತಾರೆ ಎಂದು ಧೈರ್ಯ ಹೇಳಿಕೊಂಡೆ. ಎಂಜಿನ್ ಕೋಣೆ ಬಂತು. ಅಮ್ಮನ ಕೈ ಹಿಡಿದು "ಈಗ, ಎಡಗಡೆ" ಎಂದೆ. ಎಡಗಡೆಯ ಗೋಡೆ ನುಣ್ಣಗೆ ಬೂದಿ ಬಣ್ಣಕ್ಕಿತ್ತು. ಅದರ ಮೇಲೆ ಒಂದು ನೀಲಿ ದೀಪ ಉರಿಯುತ್ತಿತ್ತು.

"ಎಲ್ಲಿ ಉಂಟು ಮಾರಾಯ್ತಿ?" ಅಮ್ಮ ಕೇಳಿದರು.

ನಾನು ಇನ್ನೂ ಆ ಗೋಡೆಯಲ್ಲೇ ಹುಡುಕುತ್ತಿದ್ದೆ. ದೃಶ್ಯ ಮುಗಿದೇ ಹೋಯಿತು. ಅಮ್ಮ ಅವನ ಕಡೆ ತಿರುಗಿದರು. "ನೀನೂ ಹೋಗಿದ್ದೆಯಲ್ಲ ಅವತ್ತು. ನೀನು ನೋಡಿದ್ದೆಯಾ?"

"ನನಗೆ ಸರಿ ನೆನಪಿಲ್ಲ ದೊಡ್ಡಮ್ಮ," ಎಂದ.

ನನ್ನ ತೋಳು ಜಿಗುಟಿದವನಿಗೆ ನೆನಪಿಲ್ಲ. ಪ್ರತಿ ಮದುವೆ ಊಟದಲ್ಲೂ ನನ್ನ ಕಿವಿಯಲ್ಲಿ 'ಇಡ್ಲಿ ತಟ್ಟೆ' ಎಂದು ಪಿಸುಗುಟ್ಟಿ ನಗಿಸುತ್ತಿದ್ದವನಿಗೆ ನೆನಪಿಲ್ಲ.

ಸಿನಿಮಾ ಬಿಟ್ಟ ಮೇಲೆ ಅವನು ಅಮ್ಮನನ್ನು ಮನೆಗೆ ಬಿಡುವ ನೆಪದಲ್ಲಿ ಹೊರಟುಹೋದ. ಗ್ರೂಪಿನವರು ಊಟದ ಮಹಡಿಯಲ್ಲಿ ಕೂತು ಬೈಯತೊಡಗಿದ್ದರು. ವಿಚಿತ್ರವೆಂದರೆ, ಅಳಿಸಿಹೋದವೆಲ್ಲ ನಮಗೆ ಸಿಕ್ಕಿದ್ದವುಗಳೇ. ನಮ್ಮ ಕಣ್ಣಿಗೆ ಹಿಂದೆ ಬೀಳದೆ ಅವತ್ತು ಮೊದಲ ಸಲ ಕಂಡ ಒಂದೆರಡು ಹಾಗೇ ಉಳಿದಿದ್ದವು. "ಅಪನೇ ಗ್ರೂಪ್ ಸೇ ಹೀ ಲೀಕ್ ಹುವಾ ಹೈ," ಎಂದು ಕಲ್ಯಾಣದ ಹುಡುಗಿಯೊಬ್ಬಳು ಮೇಜು ಕುಟ್ಟಿದಳು. ನಮ್ಮೊಳಗಿಂದಲೇ ಸುದ್ದಿ ಹೊರಗೆ ಕೊಟ್ಟವರು ಯಾರೆಂದು ಅವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನಗೆ ನೋಡುವ ಅಗತ್ಯವಿರಲಿಲ್ಲ. ತಟ್ಟೆಯ ಮಾತು ಗ್ರೂಪಿನಲ್ಲಿ ಬಂದೇ ಇರಲಿಲ್ಲವಲ್ಲ. ಅದು ಅಲ್ಲಿತ್ತೆಂದು ಬಲ್ಲವರು ಈ ಲೋಕದಲ್ಲಿ ನಾನು ಮತ್ತು ಅವನು, ಇಬ್ಬರೇ.

ಮರುದಿನ ಮಧ್ಯಾಹ್ನ ರಜೆ ಹಾಕಿ ಐರೋಲಿಗೆ ಹೋಗಿ ಅವನ ಆಫೀಸಿನ ಎದುರಿನ ಚಹಾ ಟಪರಿಯ ಬೆಂಚಿನಲ್ಲಿ ಕೂತು ಕೆಳಗೆ ಕರೆಸಿದೆ. ಬಂದವನು ನನ್ನ ಮುಖ ನೋಡಿದ್ದೇ ತಾನಾಗಿ ಹೇಳಿಬಿಟ್ಟ.

"ಅಕ್ಕ, ಪ್ರಾಜೆಕ್ಟ್ ನಮಗೇ ಬಂತು. ಕ್ಲೈಂಟ್ ಎಲ್ಲಾ ಎರರ್ ಕ್ಲೀನ್ ಮಾಡಿ ಅಂದ್ರು. ನಾನು ಒಂದೊಂದು ಸೀನ್ ಬಂದ ಹಾಗೆ ಅದರಲ್ಲಿರುವುದನ್ನೆಲ್ಲ ಹೇಳ್ತಾ ಹೋದೆ. ಎಲ್ಲರೂ ಶಾಕ್, ಇಷ್ಟೆಲ್ಲ ಇವನಿಗೆ ಹೇಗೆ ಕಾಣ್ತದೆ ಅಂತ. ಈಗ ನನ್ನನ್ನು ಟೀಮ್ ಲೀಡ್ ಮಾಡಿದ್ದಾರೆ."

"ಕಂಡದ್ದು ನಿನಗಾ?"

ಟಪರಿಯವನ ಕಡೆ ತಿರುಗಿ ತನಗೊಂದು ಚಹಾ ಹೇಳಿದ.

"ಗ್ರೂಪಿನದ್ದು ಮಾರಿದೆ, ಸರಿ. ಅಪ್ಪನದ್ದು ಯಾಕೋ?"

"ಹೊಸ ಪ್ರಿಂಟಿನಲ್ಲಿ ಅದು ಎಷ್ಟು ಎದ್ದು ಕಾಣ್ತಿತ್ತು ಗೊತ್ತಾ? ಬಿಡ್ಲಿಕ್ಕೆ ಆಗ್ತಿರಲಿಲ್ಲ." ಆಮೇಲೆ, ನನ್ನನ್ನು ಸಮಾಧಾನ ಮಾಡುವವನಂತೆ ದನಿ ತಗ್ಗಿಸಿದ. "ಬೇರೆ ಯಾರ ಕೈಗೂ ಕೊಡ್ಲಿಲ್ಲ ಅಕ್ಕ. ನಾನೇ ಮಾಡಿದ್ದು. ಝೂಮ್ ಮಾಡಿ ನೋಡಿದೆ. ದೊಡ್ಡಪ್ಪ ಹೇಳಿದ್ದು ಹಂಡ್ರೆಡ್ ಪರ್ಸೆಂಟ್ ಕರೆಕ್ಟ್. ಕುಳಿಯಲ್ಲಿ ಹಬೆ ಹೋಗುವ ಸಣ್ಣ ತೂತು ಕೂಡ ಇತ್ತು."

ನನಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಇಡೀ ಜೀವಮಾನ ಅಪ್ಪ ಕಾದದ್ದು ಈ ಒಂದು ಮಾತಿಗೆ. ಅದನ್ನು ಹೇಳಬಲ್ಲವನು ಒಬ್ಬನೇ ಒಬ್ಬ, ಅವನೇ ಒರೆಸಿ ಬಂದು ನನ್ನೆದುರು ಕೂತಿದ್ದ.

"ಹಾಗಾದರೆ ಇದನ್ನೇ ಅಮ್ಮನಿಗೆ ಹೇಳು," ಎಂದೆ. "ಒರೆಸಿದ್ದು ನೀನು ಅಂತ ಹೇಳುವುದು ಬೇಡ. ಇತ್ತು, ನಾನು ನೋಡಿದ್ದೆ, ಅಷ್ಟು ಸಾಕು."

"ನಿನ್ನೆಯಷ್ಟೇ ನೆನಪಿಲ್ಲ ಅಂದಿದ್ದೇನೆ. ಈಗ ಇತ್ತು ಅಂದ್ರೆ ದೊಡ್ಡಮ್ಮ ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಹೊರಗೆ ಏನೂ ಮಾತಾಡಬಾರದು ಅಂತ ಸೈನ್ ಮಾಡಿದ್ದೇನೆ ಅಕ್ಕ. ಸಮಜ್ ನಾ, ಸ್ವಲ್ಪ ಅರ್ಥ ಮಾಡ್ಕೋ."

"ನಿನ್ನ ದೊಡ್ಡಮ್ಮನಿಗೆ ಹೇಳಿದರೆ ಅದು ಅಮೆರಿಕದವರೆಗೆ ಕೇಳಿಸ್ತದಾ?"

ಲಂಚ್ ಟೈಮ್ ಮುಗಿಯಿತು ಎಂದು ಎದ್ದ. ಹೋಗುವಾಗ ನನ್ನ ಚಹಾದ ದುಡ್ಡನ್ನೂ ಕೊಟ್ಟುಹೋದ, ಒಳ್ಳೆಯವನು ನೋಡಿ.

ಮುಂದಿನ ಭಾನುವಾರ ಬಡ್ತಿಯ ಸಿಹಿ ಹಿಡಿದುಕೊಂಡು ಮನೆಗೆ ಬಂದ. ಅವನು ಬರಲಾರನೆಂದು ನಾನು ಅಂದುಕೊಂಡಿದ್ದೆ. ಅಮ್ಮ ಅವನಿಗಾಗಿ ಕಡಲೆಬೇಳೆ ಪಾಯಸ ಮಾಡಿದ್ದರು. ಬಡಿಸುತ್ತಾ ಅಮ್ಮ ಆ ಸಿನಿಮಾದ ಮಾತೆತ್ತಿದರು. "ಪಾಪ, ಸುಳ್ಳು ಹೇಳುವ ಜನ ಅಲ್ಲ ನಿನ್ನ ದೊಡ್ಡಪ್ಪ. ಆದರೆ ನೋಡು, ಇಲ್ಲದ್ದನ್ನು ಇತ್ತು ಅಂತಲೇ ಸಾಯುವವರೆಗೆ ಹೇಳಿದರು. ಈ ಹುಡುಗಿಯೂ ಅಪ್ಪನ ಮಾತಿಗೆ ಹೂಂ ಹಾಕಿದ್ದು. ಈಗ ಕಣ್ಣಾರೆ ನೋಡಿ ಆಯ್ತಲ್ಲ."

ನನಗೆ ತಡೆಯಲಾಗಲಿಲ್ಲ. "ಅಮ್ಮ, ಅದು ಇತ್ತು. ಅಳಿಸಿದ್ದು ಇವನು. ಇವನ ಕೈಯಾರೆ," ಎಂದೆ. ದನಿ ಅಕ್ಕಪಕ್ಕದ ಮನೆಗೆ ಕೇಳುವಷ್ಟು ಏರಿತ್ತು.

ಅಮ್ಮ ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದರು. ಅವನು ಒಂದು ಗಳಿಗೆ ತಟ್ಟೆ ನೋಡಿದ. ಆಮೇಲೆ ತಲೆ ಎತ್ತಿ, ಬಹಳ ಮೃದುವಾಗಿ ನಕ್ಕ.

"ಬಿಡಿ ದೊಡ್ಡಮ್ಮ. ಅಕ್ಕನಿಗೆ ದೊಡ್ಡಪ್ಪ ಅಂದ್ರೆ ಜೀವ. ಅವಳಿಗೆ ಹಾಗೆ ಅನ್ನಿಸ್ತದೆ."

ಅಮ್ಮ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅಪ್ಪ ಇಡ್ಲಿ ತಟ್ಟೆಯ ಮಾತೆತ್ತಿದಾಗಲೆಲ್ಲ ಅಮ್ಮ ಅವರನ್ನು ಹೀಗೇ ನೋಡುತ್ತಿದ್ದರು. "ಪಾಪದವನ ಮೇಲೆ ಯಾಕೆ ಹಾಕ್ತೀ, ಮಗಾ?" ಎಂದು ಮೆಲ್ಲಗೆ ಹೇಳಿ, ಅವನ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಹಾಕಿದರು. ಅವನು ಬೇಡ ಎನ್ನಲಿಲ್ಲ.