ಮಲೇರಿಯಾ ಮಾತ್ರೆ ಅಳೆದ ಮಳೆಗಾಲ

ಲ್ಯಾಬಿನ ಆ ಅಳೆಯುವ ಯಂತ್ರಕ್ಕೆ ನಾನು ಕೊಟ್ಟದ್ದು ಪಾಳ್ಯದ ಕಡೆ ಕೆರೆಯ ಕೆಳಗಿದ್ದ ಗದ್ದೆ. ಅಷ್ಟು ಕೊಟ್ಟರೂ ಸಿಕ್ಕಿದ್ದು ಹೊಸದಲ್ಲ, ಕೈ ಬದಲಾಯಿಸಿ ಬಂದ ಮಾಲು. ಮಾರುವವನ ಮುಂದೆ ಎರಡು ಸಲ ಎದ್ದು ಹೊರಟೆ, ಎರಡು ಸಲವೂ ಅವನೇ ಬಾಗಿಲಿಗೆ ಬಂದು ಕರೆದ. ಕೊನೆಗೆ ಸಾಗಣೆಯೂ ಅವನದೇ, ಜೋಡಿಸಿ ಕೊಡುವುದೂ ಅವನದೇ ಎಂದು ಒಪ್ಪಿಸಿದೆ. ಯಾಕೆ ಕೊಟ್ಟೆ ಎಂದು ಮನೆಯವರು ಈಗಲೂ ಕೇಳುತ್ತಾರೆ. ನನ್ನ ಅಕ್ಕನ ಮಗಳು ಕೆಮಿಸ್ಟ್ರಿ ಓದಿ, ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲವು ವರ್ಷ ದುಡಿದು, ಸಕಲೇಶಪುರದಲ್ಲೇ ಸ್ವಂತ ಲ್ಯಾಬು ಮಾಡುತ್ತೇನೆ ಎಂದು ಬಂದಿದ್ದಳು. ನಾನು ಕಾಫಿ ಮಂಡಿಯಲ್ಲಿ ಗೋಣಿಚೀಲ ಹೊಲಿದು ಮೇಲೆ ಬಂದವನು. ಬೆಳೆಯುವವನಿಗಿಂತ, ಕೊಳ್ಳುವವನಿಗಿಂತ, ಅಳೆಯುವವನ ಮಾತಿಗೆ ಬೆಲೆ ಹೆಚ್ಚು ಎಂಬುದನ್ನು ಅಲ್ಲೇ ಕಲಿತಿದ್ದೆ. ಅಳೆಯುವವರು ನಮ್ಮ ಮನೆಯವರೇ ಆಗಲಿ ಅನ್ನಿಸಿತು.

ಮೊದಲು ನೀರು, ಮಣ್ಣು, ಮೆಣಸು ಪರೀಕ್ಷೆಗೆ ಬರುತ್ತಿದ್ದವು. ಆಮೇಲೆ ಒಬ್ಬ ಖರೀದಿದಾರ ಸಿಕ್ಕಿದ. ಎಸ್ಟೇಟುಗಳ ದವಾಖಾನೆಗಳಿಗೆ ಮಾತ್ರೆ ಒದಗಿಸುವವನು. ನಮ್ಮ ಕಡೆಯ ಎಸ್ಟೇಟುಗಳ ಸಾಲುಮನೆಗಳಲ್ಲಿ, ಅಂದರೆ ಲೈನ್‌ಗಳಲ್ಲಿ ಈಗ ಇರುವವರು ಹೆಚ್ಚಾಗಿ ಅಸ್ಸಾಂ, ಜಾರ್ಖಂಡ್ ಕಡೆಯ ಕೂಲಿಯವರು. ಊರಿಗೆ ಹೋಗಿ ಬಂದಾಗ ಮಲೇರಿಯಾ ಜೊತೆಗೇ ಬರುತ್ತದೆ. ಖರೀದಿದಾರ ಮಾತ್ರೆಯ ಪ್ರತಿ ತಯಾರಿಯಿಂದ, ಅಂದರೆ ಬ್ಯಾಚಿನಿಂದ, ಸ್ವಲ್ಪ ತೆಗೆದು ನಮ್ಮಲ್ಲಿಗೆ ಕಳಿಸುತ್ತಿದ್ದ. ಸ್ಟ್ರಿಪ್ಪಿನ ಮೇಲೆ ಬರೆದಷ್ಟು ಔಷಧಿ ಒಳಗೆ ಇದೆಯೋ ಇಲ್ಲವೋ ಎಂದು ನಮ್ಮ ಹುಡುಗಿ ಹೇಳಬೇಕು. ಇದೆ ಎಂದರೆ ಮಾತ್ರೆ ಲೈನ್‌ಗೆ ಹೋಗುತ್ತದೆ, ಇಲ್ಲವೆಂದರೆ ವಾಪಸು.

ಯಂತ್ರ ತಾನಾಗಿ ಏನೂ ಹೇಳುವುದಿಲ್ಲ, ಇದನ್ನು ತಿಳಿದುಕೊಳ್ಳಿ. ತಕ್ಕಡಿಗೆ ತೂಕದ ಕಲ್ಲು ಬೇಕಾದ ಹಾಗೆ ಅದಕ್ಕೂ ಅದೇ ಔಷಧಿಯ ಶುದ್ಧ ಪುಡಿ ಬೇಕು. ಬೆರಳುದ್ದದ ಶೀಶೆಯಲ್ಲಿ ಚಿಟಿಕೆಯಷ್ಟು ಬರುತ್ತದೆ, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಚೌಕಾಸಿಗೆ ಅಲ್ಲಿ ಜಾಗವಿಲ್ಲ, ನಾನು ನೋಡಿದ್ದೇನೆ. ಅದನ್ನು ಫ್ರಿಜ್‌ನಲ್ಲಿಟ್ಟು, ಬೇಕಾದಾಗ ತೂಗಿ, ಕರಗಿಸಿ, ಯಂತ್ರಕ್ಕೆ ಕೊಟ್ಟು, ಆಮೇಲೆ ಮಾತ್ರೆಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದು.

ಮಳೆಗಾಲ ಹಿಡಿದ ಮೇಲೆ ಖರೀದಿದಾರ ಒಂದು ಷರತ್ತು ಹಾಕಿದ. ಹೊರಗಿನ ಒಂದು ಕೇಂದ್ರ ಎಷ್ಟೋ ಲ್ಯಾಬುಗಳಿಗೆ ಒಂದೇ ಮಾದರಿಯನ್ನು ಮೂರು ಶೀಶೆಗಳಲ್ಲಿ ಕಳಿಸುತ್ತದೆ. ಒಳಗೆ ಎಷ್ಟು ಔಷಧಿ ಹಾಕಿದ್ದೇವೆಂದು ಹೇಳುವುದಿಲ್ಲ. ಅಳೆದು ನಾವು ಹೇಳಬೇಕು. ಸರಿಯಾದರೆ ವರ್ಷಪೂರ್ತಿ ಕೆಲಸ ನಮ್ಮದೇ. ತಪ್ಪಿದರೆ ಅವನ ಕೆಲಸವೂ ಇಲ್ಲ, ಬೇರೆಯವರದ್ದೂ ಬರುವುದಿಲ್ಲ. ಎರಡು ವರ್ಷ ಅವಳು ಕಟ್ಟಿದ್ದೆಲ್ಲ ಆ ಮೂರು ಶೀಶೆಯ ಮೇಲೆ ನಿಂತಿತು.

ಅವಳು ಅಳೆದಳು. ಸಂಖ್ಯೆ ಬಂತು. ನಾನು ನನ್ನ ರೂಢಿಯ ಕೆಲಸ ಮಾಡಿದೆ. ಮಂಡಿಯಲ್ಲಿ ದರ ಹೇಳುವ ಮೊದಲು ಪಕ್ಕದ ಮಂಡಿಗೆ ಒಂದು ಫೋನು ಹಾಕದೆ ಯಾರೂ ಬಾಯಿ ಬಿಡುವುದಿಲ್ಲ. ಅದೇ ಮಾದರಿ ಹೋಗಿದ್ದ ಇನ್ನೊಂದು ಊರಿನ ಲ್ಯಾಬಿನ ಯಜಮಾನ ನನಗೆ ಗೊತ್ತಿದ್ದವನು, ಹಿಂದೆ ಏಲಕ್ಕಿ ವ್ಯಾಪಾರ ಮಾಡಿದ್ದವನು.

"ಏನಪ್ಪಾ, ನಿಮ್ದು ಎಷ್ಟು ಬಂತು?" ಎಂದೆ.

"ನಿಮ್ದು ಎಷ್ಟು ಅಂತ ಹೇಳು ಮಾರಾಯ, ಆಮೇಲೆ ನಂದು."

"ನಾನು ಫೋನ್ ಮಾಡಿರೋನು. ಮೊದ್ಲು ನೀನು."

"ಅದ್ಕೇ ಕಣೋ, ಕೇಳ್ದೋನೇ ಮೊದ್ಲು ಬಾಯಿ ಬಿಚ್ಚಬೇಕು. ಹೆಣ್ಣು ನೋಡಾಕೆ ಬಂದೋರು ಮೊದ್ಲು ಗಂಡಿನ ಜಾತಕ ಕೊಡಲ್ವಾ?"

ಎರಡು ಕಾಫಿ ಕುಡಿಯುವಷ್ಟು ಹೊತ್ತು ಹೀಗೇ ಎಳೆದಾಡಿ ಕೊನೆಗೆ ಅವನ ಬಾಯಿಂದ ಹೊರಡಿಸಿದೆ. ಅವನದು ನಮ್ಮದಕ್ಕಿಂತ ಕಡಿಮೆ ಇತ್ತು. ಅವನು ಇನ್ನೊಬ್ಬನನ್ನೂ ಕೇಳಿದ್ದನಂತೆ, ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ನಾನು ಲ್ಯಾಬಿಗೆ ಓಡಿದೆ.

"ಇಬ್ರುದೂ ಒಂದೇ ಐತೆ, ನಮ್ದೊಂದೇ ಮೇಲೆ ನಿಂತೈತೆ. ನಡುವೆ ಒಂದು ಸಂಖ್ಯೆ ಹಾಕಿ ಕಳಿಸಮ್ಮ."

ಅವಳು ತಲೆ ಎತ್ತಲಿಲ್ಲ. "ಮಾವ, ಇದೇನು ಕಾಫಿ ರೇಟಾ, ಫೋನಲ್ಲಿ ಕೂತು ಸೆಟ್ಲು ಮಾಡಾಕೆ? ನಾನು ಅಳ್ದಿದ್ದು ಇಷ್ಟು. ಇಷ್ಟೇ ಕಳಿಸ್ತೀನಿ."

"ಸೋತ್ರೆ?"

"ಸೋತ್ರೆ ಎಲ್ಲಿ ಸೋತೆ ಅಂತನಾದ್ರೂ ಗೊತ್ತಾಗ್ತದೆ. ಅವ್ರ ಸಂಖ್ಯೆ ಹಾಕಿ ಗೆದ್ರೆ ಅದೂ ಗೊತ್ತಾಗಲ್ಲ."

ಕಳಿಸಿದಳು. ಸೋತಳು. ಮೂರೂ ಶೀಶೆಯಲ್ಲಿ ನಮ್ಮದು ಹೆಚ್ಚು, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೆಚ್ಚು. ಏಲಕ್ಕಿಯವನು ಗೆದ್ದ.

ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬಂದಿದ್ದರೆ ಕೈ ನಡುಗಿತು ಎನ್ನಬಹುದಿತ್ತು. ಎಲ್ಲವೂ ಒಂದೇ ಕಡೆಗೆ ವಾಲಿದರೆ ತೂಕದ ಕಲ್ಲೇ ಕೆಟ್ಟಿದೆ ಎಂದು ಅರ್ಥ. ಅವಳಿಗೆ ಹೊಳೆದದ್ದು ಅದೇ. ಪುಡಿಯನ್ನು ಬೇರೆ ಕಡೆ ಕಳಿಸಿ ಅದರಲ್ಲಿ ನೀರು ಎಷ್ಟಿದೆ ಎಂದು ನೋಡಿಸಿದಳು. ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನೀರಿತ್ತು.

ಹೇಗೆ ಸೇರಿತು ಎಂಬುದು ನಮ್ಮ ಊರಿನ ಕಥೆ. ಆಷಾಢದಲ್ಲಿ ಇಲ್ಲಿ ಕರೆಂಟು ಬಂದದ್ದೇ ಹಬ್ಬ. ಮರ ಬಿತ್ತು, ತಂತಿ ಹರಿಯಿತು ಎಂದು ಯಾವಾಗ ಹೋಗುತ್ತದೋ ಹೇಳಲಾಗದು. ಹಿಟ್ಟಿನ ಗಿರಣಿಯವನು, ವೆಲ್ಡಿಂಗಿನವನು, ಎಲ್ಲರೂ ಕರೆಂಟು ಬಂದ ಕೂಡಲೇ ಕೈಯಲ್ಲಿದ್ದ ತಟ್ಟೆ ಬಿಟ್ಟು ಓಡುವವರೇ. ಲ್ಯಾಬಿನಲ್ಲೂ ಅದೇ ಅಭ್ಯಾಸವಾಯಿತು. ದೀಪ ಹತ್ತಿತೋ, ಫ್ರಿಜ್‌ನಿಂದ ಶೀಶೆ ತೆಗೆ, ಮುಚ್ಚಳ ಬಿಚ್ಚು, ತೂಗು. ತಣ್ಣಗಿನ ಶೀಶೆ ಹೊರಗಿನಷ್ಟು ಬೆಚ್ಚಗಾಗುವ ತನಕ ಮುಚ್ಚಿಟ್ಟು ಕಾಯಬೇಕು, ಅದು ಅವಳಿಗೂ ಗೊತ್ತಿದ್ದ ಪಾಠವೇ. ಕಾಯುತ್ತ ಕೂತರೆ ಕರೆಂಟು ಹೋಗುತ್ತದೆ. ಗೋಡೆಯ ಮೇಲೆ ನೀರು ಇಳಿಯುವ ದಿನಗಳಲ್ಲಿ ತಣ್ಣಗಿನ ಶೀಶೆಯ ಬಾಯಿ ಬಿಚ್ಚಿದರೆ ಗಾಳಿಯ ತೇವ ಒಳಗೆ ಕೂರದೆ ಇನ್ನೆಲ್ಲಿಗೆ ಹೋದೀತು? ಔಷಧಿ ಎಂದು ನಾವು ತೂಗಿದ್ದರಲ್ಲಿ ಒಂದು ಪಾಲು ನೀರು. ಕಲ್ಲು ಹಗುರವಾದರೆ ಮಾಲು ಭಾರ ಕಾಣುತ್ತದೆ. ಔಷಧಿ ಕಡಿಮೆ ಇದ್ದ ಮಾತ್ರೆಯೂ ನಮ್ಮ ಯಂತ್ರದ ಮುಂದೆ ಸರಿಯಾದ ಮಾತ್ರೆಯಾಗಿ ನಿಂತಿತ್ತು.

ಪ್ರತಿ ತಯಾರಿಯದ್ದೂ ಒಂದು ಸ್ಟ್ರಿಪ್ ಅವಳು ತೆಗೆದಿಟ್ಟಿದ್ದಳು. ಹೊಸ ಪುಡಿ ತರಿಸಿ, ಮುಚ್ಚಿಟ್ಟು ಕಾದು, ಎಲ್ಲವನ್ನೂ ಮತ್ತೆ ಅಳೆದಳು. ಹೆಚ್ಚಿನವು ಸರಿ ಇದ್ದವು. ಒಂದು ಮಾತ್ರ ಸರಿ ಇರಲಿಲ್ಲ. ಆ ಒಂದಕ್ಕೆ ಸರಿ ಎಂದು ಸಹಿ ಹಾಕಿದ್ದವಳು ಅವಳೇ.

ಖರೀದಿದಾರನಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ, ಅವನ ದನಿ ನನಗೂ ಕೇಳುತ್ತಿತ್ತು.

"ಹೋಗಿದ್ದು ಹೋಯ್ತು, ಈಗ ಯಾಕಮ್ಮ ಕೆದಕ್ತೀಯ? ಹೇಳ್ದೆ ಇದ್ರೆ ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ಬುಟ್ಟೈತಲ್ಲ ಸಾರ್. ಆ ವರದಿ ವಾಪಸ್ ತಗೋತಿದ್ದೀನಿ. ಮಾತ್ರೆ ತಡೀರಿ."

ಅವನು ತಡೆಯಲಿಲ್ಲ. ನಾವೇ ಜೀಪು ಹತ್ತಿ ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿಗೆ ಹೋದೆವು. ಕೂಲಿಯವರ ಹಾಜರಿ, ಲೈನ್, ದವಾಖಾನೆ ಎಲ್ಲ ನೋಡಿಕೊಳ್ಳುವ ರೈಟರ್ ಸ್ಟೋರಿನ ಬಾಗಿಲಲ್ಲಿ ನಿಂತಿದ್ದ. ವಿಷಯ ಹೇಳಿದೆವು.

"ಮಾತ್ರೆ ಕೂಡಿಡಾಕೆ ಅದೇನು ಚೆರ್ರಿ ಕಾಫಿ ಏನ್ರೀ, ರೇಟ್ ಬರ್ಲಿ ಅಂತ? ಯಾವಾಗ್ಲೋ ಖಾಲಿ."

"ತಿಂದೋರು ಇದ್ದಾರಾ?" ಎಂದಳು ಹುಡುಗಿ.

"ಅರ್ಧ ಜನ ಊರಿಗೆ ಹೋಗ್ಬುಟ್ರು ಕಣಮ್ಮ. ಫೋನ್ ಮಾಡಾನ ಅಂದ್ರೆ ಸಿಮ್ಮೇ ಬದಲಾಯಿಸ್ತಾರೆ. ಅಲ್ನೋಡು, ಆ ಹೆಂಗಸಿನ ಗಂಡ ತಿಂದಿದ್ದ."

ಲೈನ್ ಮುಂದೆ ಪಾತ್ರೆ ತೊಳೆಯುತ್ತಿದ್ದ ಆ ಹೆಂಗಸಿಗೆ ಅರ್ಧಂಬರ್ಧ ಕನ್ನಡ ಬರುತ್ತಿತ್ತು. "ಪೂರಾ ತಿಂದ ಅಕ್ಕ. ಒಂದೂ ಬಿಟ್ಟಿಲ್ಲ," ಎಂದಳು, ನಾವು ಅವಳ ಗಂಡನ ಮೇಲೆ ದೂರು ತಂದವರೇನೋ ಎಂಬಂತೆ. "ಮತ್ತೆ ಜ್ವರ ಬಂತು. ಊರಲ್ಲಿ ಅಮ್ಮ ನೋಡ್ಕೊಳ್ತಾಳೆ ಅಂತ ಹೋದ. ರೈಲಲ್ಲಿ ನಡುಗ್ತಾ ಹೋದ."

ಹುಡುಗಿ ಅವಳ ಪಕ್ಕ ಕೂತು, ಫೋನು ಬಂದರೆ ಆಸ್ಪತ್ರೆಗೆ ಹೋಗಿ ಮತ್ತೆ ರಕ್ತ ಪರೀಕ್ಷೆ ಮಾಡಿಸಲು ಹೇಳು ಎಂದು ಬಿಡಿಸಿ ಬಿಡಿಸಿ ಹೇಳಿದಳು. ಹೆಂಗಸು ತಲೆ ಆಡಿಸಿದಳು. ಫೋನು ಬಂತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಮುಂದಿನ ಸಲ ನಾನು ಹೋದಾಗ ಆ ಮನೆಯಲ್ಲಿ ಬೇರೆ ಸಂಸಾರವಿತ್ತು. ಮಲೇರಿಯಾ ಒಳ್ಳೆಯ ಮಾತ್ರೆ ತಿಂದರೂ ಮರುಕಳಿಸುವುದುಂಟು ಎಂದು ಡಾಕ್ಟರು ಹೇಳಿದರು. ಅವನದು ಹಾಗೆ ಮರುಕಳಿಸಿದ್ದೋ ಅಲ್ಲವೋ ಯಾರೂ ಹೇಳಲಾರರು. ಮಾತ್ರೆಯಿಂದಲ್ಲ ಎಂದೂ ಹೇಳಲಾರರು.

ವರದಿ ವಾಪಸು ಪಡೆದ ಸುದ್ದಿ ಹರಡಿದ ಮೇಲೆ ನೀರು, ಮೆಣಸಿನವರೂ ಬರಲಿಲ್ಲ. ತಪ್ಪು ಮಾಡಿದ ಲ್ಯಾಬು ಎಂದು ಹೆಸರಾಯಿತು, ತಪ್ಪು ಕಂಡುಹಿಡಿದ ಲ್ಯಾಬು ಎಂದು ಆಗಲಿಲ್ಲ. ಅವಳು ಈಗ ಬೆಳಗಿನ ಬಸ್ಸಿಗೆ ಹಾಸನದ ಕಡೆ ಒಂದು ಕಾರ್ಖಾನೆಗೆ ಹೋಗುತ್ತಾಳೆ. ಅಲ್ಲಿ ಬಣ್ಣದ ಗಾಢತೆ ಅಳೆಯುವ ಕೆಲಸ. "ತಪ್ಪಾದ್ರೂ ಯಾರೂ ತಿನ್ನಲ್ಲ ಮಾವ," ಎಂದಳು ಒಮ್ಮೆ.

ನಿಮಗೆ ಹೇಳುವುದಿಷ್ಟು. ಮಾತ್ರೆಯೋ ರಕ್ತವೋ, ಏನನ್ನಾದರೂ ಅಳೆಸಲು ಲ್ಯಾಬಿಗೆ ಹೋದಾಗ ದರ ಕೇಳುವ ಮೊದಲು, ಹೊರಗಿನವರ ಗುಟ್ಟಿನ ಮಾದರಿಯಲ್ಲಿ ನೀವು ಯಾವಾಗ ಸೋತಿದ್ದಿರಿ, ಸೋತ ಮೇಲೆ ಏನು ಮಾಡಿದಿರಿ ಎಂದು ಕೇಳಿ. ಎಂದೂ ಸೋತಿಲ್ಲ ಎನ್ನುವವನ ಹತ್ತಿರ ಇನ್ನೂ ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಿ, ಅವನ ಫೋನು ಚುರುಕಾಗಿರಬಹುದು. ಲ್ಯಾಬು ನಡೆಸುವವರಾದರೆ ಯಂತ್ರಕ್ಕಿಂತ ಮೊದಲು ಜನರೇಟರ್ ತನ್ನಿ, ನಮ್ಮ ಕಡೆಯ ಮಳೆಗಾಲದಲ್ಲಿ ಅವಸರಕ್ಕೆ ಬೇರೆ ಮದ್ದಿಲ್ಲ. ಮಲೇರಿಯಾ ಮಾತ್ರೆ ತಿನ್ನುವವರಾದರೆ ಖಾಲಿ ಸ್ಟ್ರಿಪ್ಪನ್ನು ಎಸೆಯಬೇಡಿ, ಮತ್ತೆ ಜ್ವರ ಬಂದರೆ ಅದನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಮತ್ತೆ ಫ್ರಿಜ್‌ನಿಂದ ತೆಗೆದ ಶೀಶೆ ಕೈಗೆ ತಣ್ಣಗೆ ತಾಗುತ್ತಿದ್ದರೆ, ಕರೆಂಟು ಹೋದರೆ ಹೋಗಲಿ, ಮುಚ್ಚಳ ಮುಟ್ಟಬೇಡಿ.