ಲೊರೇನಳ ಎಡಗಡೆ

ಗಂಡ ಹೋದ, ಪ್ಯಾಡು ಉಳಿಯಿತು. ಲೊರೇನ್ ಬೋಶರ್ಟ್ ತನ್ನ ಬದುಕಿನ ಕಥೆಯನ್ನು ಹೇಳಿಕೊಳ್ಳುತ್ತಿದ್ದದ್ದು ಇಷ್ಟರಲ್ಲೇ. ಅವಳ ಕ್ಷೌರದಂಗಡಿಗೆ ಹೊಸಬರು ಯಾರಾದರೂ ಬಂದು, ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ಫೋಟೋ ತೋರಿಸಿ "ಆ ಜಾಲರಿ ಹಿಂದಿರೋದು ನೀವೇನಾ?" ಎಂದರೆ ಸಾಕು, ಕತ್ತರಿ ನಿಲ್ಲಿಸದೆ ಶುರು ಮಾಡುತ್ತಿದ್ದಳು.

ಗಂಡ ವರ್ನ್ ನಮ್ಮ ಮಡ್‌ಕ್ಯಾಟ್ಸ್ ರೋಲರ್ ಹಾಕಿ ತಂಡದಲ್ಲಿ ಆಡುತ್ತಿದ್ದ. ಒಂದು ಭಾನುವಾರ ನಮ್ಮ ಗೋಲ್‌ಕೀಪರ್ ಸೊಂಟ ಹಿಡಿದುಕೊಂಡು ಮನೆಯಲ್ಲೇ ಮಲಗಿಬಿಟ್ಟ. ಆಟ ನೋಡಲು ಬಂದಿದ್ದ ಲೊರೇನ್ ಕೈಗೂಸನ್ನು ಎದುರು ತಂಡದವನೊಬ್ಬನ ಹೆಂಡತಿಯ ಮಡಿಲಿಗೆ ಹಾಕಿ, ಪ್ಯಾಡು ಕಟ್ಟಿಕೊಂಡು ಗೋಲಿನಲ್ಲಿ ನಿಂತಳು. ಚಕ್ರದ ಬೂಟಿನ ಮೇಲೆ ನೆಟ್ಟಗೆ ನಿಲ್ಲಲೂ ಬರುತ್ತಿರಲಿಲ್ಲ. ಆದರೂ ಪಕ್ ಎಂಬ ಆ ಚಪ್ಪಟೆ ಬಿಲ್ಲೆ ಬಂದ ಕಡೆಗೆಲ್ಲ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ನಾವು ಗೆದ್ದೆವು. ಮುಂದೆ ವರ್ನ್ ದೋಣಿ ಮಾರುವ ಒಬ್ಬಾಕೆಯ ಹಿಂದೆ ಟಲ್ಸಾಕ್ಕೆ ಹೊರಟುಹೋದ. ಲೊರೇನ್ ನಮ್ಮ ಗೋಲಿನಲ್ಲೇ ಉಳಿದಳು. ಆ ಕೈಗೂಸು ಕೊರಿನ್ ಬೆಳೆದು, ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸಕ್ಕೆ ಸೇರಿ, ನಮ್ಮದೇ ತಂಡದಲ್ಲಿ ಅಮ್ಮನ ಮುಂದೆ ರಕ್ಷಣೆಗೆ ನಿಲ್ಲುವ ಆಟಗಾರ್ತಿಯಾದಳು.

ನಮ್ಮ ರಿಂಕ್, ಅಂದರೆ ಆಟದ ಅಂಗಳ, ಇರುವುದು ಮಿಸ್ಸಿಸಿಪ್ಪಿ ದಂಡೆಯ ಪಾರ್ಕಿನಲ್ಲಿ. ಮೇಲೆ ತಗಡಿನ ಸೂರು, ಸುತ್ತ ಗೋಡೆಯಿಲ್ಲ, ನೆಲಕ್ಕೆ ನೀಲಿ ಪ್ಲಾಸ್ಟಿಕ್ ಹಾಸು. ಆಗಸ್ಟ್‌ನಲ್ಲಿ ನದಿಯ ಕಾವಿಗೆ ಅಂಚಿನ ಹಲಗೆಗಳೂ ಬೆವರುತ್ತವೆ. ಆಡುವವರು ನಲ್ಲಿ ರಿಪೇರಿಯವರು, ನರ್ಸುಗಳು, ನನ್ನಂಥ ಅಂಚೆಯವರು. ನೋಡುವವರು ನಮ್ಮ ಮನೆಯವರು, ನಮ್ಮ ನಾಯಿಗಳು.

ಕಳೆದ ವರ್ಷ ಏಪ್ರಿಲ್‌ನ ಮೊದಲ ಆಟ ಮುಗಿದ ಮೇಲೆ, ಲೊರೇನ್ ಕೈಕಾಲು ತೊಳೆಯಲು ಹೋಗಿದ್ದಾಗ, ಕೊರಿನ್ ನನ್ನನ್ನೂ ಡೆಲ್ಬರ್ಟನನ್ನೂ ಅವನ ವ್ಯಾನಿನ ಹಿಂದಕ್ಕೆ ಕರೆದಳು. ಡೆಲ್ಬರ್ಟ್ ನಲ್ಲಿ ರಿಪೇರಿಯವನು, ಆನೆಯಂಥ ಆಳು, ರಕ್ಷಣೆಯಲ್ಲಿ ಕೊರಿನ್‌ಗೆ ಜೊತೆಗಾರ.

"ಅಮ್ಮಂಗೆ ಎಡಗಡೆ ಕಾಣ್ತಿಲ್ಲ" ಎಂದಳು.

"ಅಂದ್ರೆ?"

"ಎದುರಿಗಿರೋದು ಕಾಣುತ್ತೆ. ಪಕ್ಕದ್ದು ಕಾಣಲ್ಲ. ಅಂಗಡೀಲಿ ಎಡಗಡೆ ಇಟ್ಟ ಬಾಚಣಿಗೆನ ಕೈಯಾಡಿಸಿ ಹುಡುಕ್ತಾಳೆ. ಬಾಗಿಲಿಗೆ ಭುಜ ಬಡ್ಕೊಂಡು ಬಾಗಿಲಿಗೇ ಬೈತಾಳೆ. ಫ್ರಿಜ್‌ನಲ್ಲಿ ಕಣ್ಣಿನ ಹನಿ ಔಷಧಿ ಇತ್ತು. ಒಳಗೆ ಒತ್ತಡ ಜಾಸ್ತಿಯಾಗಿ ಕಣ್ಣಿನ ನರ ಸಾಯ್ತಾ ಬರುತ್ತಲ್ಲ, ಆ ಕಾಯಿಲೆಗೆ ಕೊಡೋದು."

"ನಿಂಗೆ ಹೇಳಿದ್ಲಾ?"

"ಇಲ್ಲ. ಹೇಳೋವರೆಗೂ ನಾನು ಕೇಳಲ್ಲ. ಅವಳು ಅಪ್ಪನ ವಿಷಯ ಹೇಳಕ್ಕೇ ಎರಡು ವರ್ಷ ತಗೊಂಡ್ಳು. ಈಗ ಕೇಳಿದ್ರೆ ನಾಳೆಯಿಂದ ಪ್ಯಾಡ್ ಮುಟ್ಟಲ್ಲ, ಮನೇಲಿ ಕೂತ್ಬಿಡ್ತಾಳೆ." ಅಮ್ಮ ಬರುತ್ತಿದ್ದಾಳಾ ಎಂದು ವ್ಯಾನಿನಾಚೆ ಇಣುಕಿದಳು. "ಎಡಗಡೆಯಿಂದ ಬಂದ್ರೆ ಕೂಗಿ ಹೇಳಿ. ಅಷ್ಟೇ ನಾನು ಕೇಳೋದು."

ಡೆಲ್ಬರ್ಟ್ ತಲೆ ಕೆರೆದುಕೊಂಡ. "ಕೂಗೋದು ತಾನೇ? ಅದಕ್ಕೇನು, ದೇವರು ನಂಗೆ ಕೊಟ್ಟಿರೋದೇ ಅದೊಂದು."

ಅಂದಿನಿಂದ ಡೆಲ್ಬರ್ಟ್ ಬಾಯಿ ಮುಚ್ಚಲಿಲ್ಲ. "ಎಡ! ಎಡ ಮೂಲೆ! ಕೆಳಗೆ, ಕೆಳಗೆ!" ಎಂದು ಇಡೀ ಆಟ ಅರಚುತ್ತಿದ್ದ. ಅನುಮಾನ ಬರಬಾರದೆಂದು ನಡುನಡುವೆ "ಬಲ!" ಎಂದೂ ಕೂಗುತ್ತಿದ್ದ. ಲೊರೇನ್ ಒಮ್ಮೆ ಮುಖದ ಜಾಲರಿ ಎತ್ತಿ, "ಲೇ ಡೆಲ್ಬರ್ಟ್, ಇಲ್ಲೇನು ದನದ ಹರಾಜು ನಡೀತಿದ್ಯಾ?" ಎಂದು ಕೇಳಿದಳು.

"ಮನೇಲಿ ಹೆಂಡ್ತಿ ಬಾಯಿ ತೆಗಿಯಕ್ಕೆ ಬಿಡಲ್ಲ ಕಣೇ. ಇಲ್ಲಾದ್ರೂ ಕೂಗ್ಕೊಳ್ತೀನಿ ಬಿಡು."

"ಅವಳ ಕಾಲಿಗೆ ಬೀಳ್ಬೇಕು ನಾನು" ಎಂದು ಲೊರೇನ್ ನಕ್ಕು ಜಾಲರಿ ಇಳಿಸಿದಳು.

ಅವಳ ಆಟ ಸುಧಾರಿಸಿತು. ಹಾಗೆಂದರೆ ತಮಾಷೆಯಲ್ಲ, ನಿಜವಾಗಿಯೂ ಸುಧಾರಿಸಿತು. ಡೆಲ್ಬರ್ಟನ ಗಂಟಲಿನಿಂದ 'ಎ' ಹೊರಬೀಳುತ್ತಿದ್ದಂತೆಯೇ ಅವಳ ಎಡಗಾಲು ನೆಲಕ್ಕೆ ಚಾಚಿಕೊಂಡಿರುತ್ತಿತ್ತು. ಜೂನ್ ಪೂರ್ತಿ ನಾವು ಸೋಲಲಿಲ್ಲ. ಆಟದ ನಂತರ ಪಾರ್ಕಿಂಗ್ ಜಾಗದಲ್ಲಿ ಹಂದಿಮಾಂಸದ ತುಂಡುಗಳನ್ನು ಕೆಂಡದ ಮೇಲೆ ಸುಡುತ್ತಾ, ತಣ್ಣನೆಯ ಬಿಯರ್ ಡಬ್ಬಿಯನ್ನು ಕೆನ್ನೆಗೆ ಒತ್ತಿಕೊಂಡು ಅವಳು, "ಐವತ್ತು ದಾಟಿದ ಮೇಲೆ ಚೆನ್ನಾಗಿ ಆಡ್ತಿದೀನಲ್ರೋ, ಏನಿದು ಗಾಚಾರ!" ಎನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಕೊರಿನ್ ಮಾಂಸ ತಿರುವಿಹಾಕುವ ನೆಪದಲ್ಲಿ ಅತ್ತ ತಿರುಗುತ್ತಿದ್ದಳು.

ಅಕ್ಟೋಬರ್‌ನಲ್ಲಿ ಫೈನಲ್ ಬಂತು. ಎದುರಿಗೆ ಸುಣ್ಣಕಲ್ಲಿನ ಕ್ವಾರಿಯಲ್ಲಿ ದುಡಿಯುವವರ ತಂಡ. ಅವರ ಮುಂಚೂಣಿಯ ಆಟಗಾರ ವೆಸ್ ಟ್ಯಾಕೆಟ್, ಕ್ವಾರಿಯ ಲಾರಿ ಓಡಿಸುವವನು, ವರ್ಷಗಳಿಂದ ಲೊರೇನಳ ಹತ್ತಿರವೇ ತಲೆ ಒಪ್ಪಿಸುತ್ತಿದ್ದವನು. ಆಟಕ್ಕೆ ಮುಂಚೆ ಅವಳು ಗೋಲಿನಿಂದಲೇ ಕೂಗಿದಳು: "ವೆಸ್, ಇವತ್ತು ಗೋಲ್ ಹೊಡೆದ್ರೆ ಮುಂದಿನ ಸಲ ಒಂದು ಕಡೆ ಮಾತ್ರ ಕತ್ತರಿಸಿ ಕಳಿಸ್ತೀನಿ!"

"ಎರಡು ಹೊಡೀತೀನಿ ಬಿಡು, ಎರಡೂ ಕಡೆ ಸಮ ಆಗುತ್ತೆ!"

ಎಷ್ಟೋ ವರ್ಷಗಳ ನಂತರ ರಿಂಕಿನ ಸುತ್ತ ಜನ ತುಂಬಿದ್ದರು. ಕ್ವಾರಿಯವರ ಮನೆಮಂದಿಯೆಲ್ಲ ಬಂದು ಹಲಗೆಗಳನ್ನು ಅಂಗೈಯಿಂದ ಬಡಿಯುತ್ತಿದ್ದರು. ಮೊದಲರ್ಧದಲ್ಲಿ ಅವರು ಎರಡು ಗೋಲು ಮುಂದಾದರು. ಆಮೇಲೆ ಕೊರಿನ್ ದೂರದಿಂದ ಒಂದು ಬೀಸಿದಳು, ನಾನು ಗಲಾಟೆಯಲ್ಲಿ ಒಂದು ತಳ್ಳಿದೆ, ಸಮವಾಯಿತು. ಅವರು ಮತ್ತೊಂದು ಹಾಕಿದರು, ನಾವೂ ಹಾಕಿದೆವು. ಕೊನೆಯಲ್ಲಿ ವೆಸ್ ಒಬ್ಬನೇ ತಪ್ಪಿಸಿಕೊಂಡು ನುಗ್ಗಿ ಎಡ ಮೂಲೆಗೆ ಹೊಡೆದ. ಡೆಲ್ಬರ್ಟ್ "ಎಡ!" ಎಂದ. ಲೊರೇನ್ ನೆಲಕ್ಕೆ ಮಲಗಿ ಬೂಟಿನ ತುದಿಯಿಂದ ಪಕ್ಕನ್ನು ಹೊರಗೆ ತಳ್ಳಿದಳು. ನಾನು ಇಷ್ಟು ವರ್ಷದಲ್ಲಿ ಅಂಥ ತಡೆ ನೋಡಿಲ್ಲ. ವೆಸ್ ತನ್ನ ಸ್ಟಿಕ್ಕಿನಿಂದ ಅವಳ ಪ್ಯಾಡಿಗೆ ಮೆಲ್ಲಗೆ ತಟ್ಟಿ ಹೋದ.

ಮೂರು-ಮೂರಕ್ಕೆ ಆಟ ಮುಗಿಯಿತು. ಇನ್ನು ಪೆನಾಲ್ಟಿ. ಎರಡೂ ಕಡೆಯಿಂದ ಮೂವರು, ಒಬ್ಬೊಬ್ಬರಾಗಿ, ಗೋಲ್‌ಕೀಪರಿನ ಎದುರು. ಉಳಿದವರೆಲ್ಲ ಬೆಂಚಿಗೆ ಹೋಗಬೇಕು.

ಬೆಂಚಿಗೆ ಹೋಗುವಾಗ ಕೊರಿನ್ ನನ್ನ ಮುಖ ನೋಡಿದಳು. ಈ ಗದ್ದಲದಲ್ಲಿ ಅಲ್ಲಿಂದ ಕೂಗಿದರೆ ಯಾರಿಗೆ ಕೇಳುತ್ತದೆ? ಡೆಲ್ಬರ್ಟ್ ಬೆಂಚಿನ ಮೇಲೇರಿ ನಿಂತು ಕೂಗಿದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವರ ಮೊದಲಿನವನು ನೇರ ಅವಳ ಎದೆಗೆ ಹೊಡೆದ. ಎರಡನೆಯವನು ಗೋಲು ಹಾಕಿದ. ನಮ್ಮ ಕಡೆ ಕೊರಿನ್ ಹಾಕಿದಳು, ಡೆಲ್ಬರ್ಟ್ ತಪ್ಪಿದ, ನನ್ನದನ್ನು ಅವರ ಗೋಲ್‌ಕೀಪರ್ ಕಾಲಲ್ಲಿ ತಡೆದ. ಸಮ. ಉಳಿದವನು ವೆಸ್.

ಅವನು ನಿಧಾನವಾಗಿ ಬಂದ. ಅವಳ ಬಲಕ್ಕೆ ವಾಲಿದ, ಅವಳೂ ವಾಲಿದಳು. ಅವನು ಗಕ್ಕನೆ ತಿರುಗಿ ಪಕ್ಕನ್ನು ಅವಳ ಎಡಕ್ಕೆ ಎಳೆದುಕೊಂಡು ಹೋದ. ಅವಳು ತಿರುಗಲಿಲ್ಲ. ಅವನಿದ್ದ ಜಾಗವನ್ನೇ ನೋಡುತ್ತ, ಮೊಣಕಾಲು ಬಗ್ಗಿಸಿ, ಕೈಗವಸು ತೆರೆದುಕೊಂಡು ನಿಂತಿದ್ದಳು. ಎದುರಿಗೆ ತಡೆಯೇ ಇಲ್ಲದ್ದನ್ನು ಕಂಡು ವೆಸ್ ಒಂದು ಕ್ಷಣ ಗಲಿಬಿಲಿಗೊಂಡ. ಆದರೆ ಕೈ ಆಗಲೇ ಬೀಸಿಯಾಗಿತ್ತು. ಪಕ್ ಜೋರಾಗೇನೂ ಹೋಗಲಿಲ್ಲ. ನೆಲದ ಮೇಲೆ ತೆವಳಿಕೊಂಡು ಒಳಗೆ ಸೇರಿತು.

ಕ್ವಾರಿಯವರು ಕೈ ಮೇಲೆತ್ತಿ ಕುಣಿದರು. ಆ ಕಿರುಚಾಟವನ್ನು ಲೊರೇನ್ ಬೇರೆಯೇ ಅಂದುಕೊಂಡಳು. ಸ್ಟಿಕ್ಕಿನಿಂದ ಎರಡೂ ಕಂಬಗಳಿಗೆ ಟಣ್ ಟಣ್ ಎಂದು ಬಡಿದು ಕೂಗಿದಳು:

"ಹೊರಗೆ ಹೊಡೆದ್ನಾ? ಸರಿ, ಇನ್ಯಾರು? ಬರಕ್ಕೆ ಹೇಳಿ!"

ಮೊದಲು ವೆಸ್ ಸುಮ್ಮನಾದ. ಆಮೇಲೆ ಅವನ ತಂಡ. ಆಮೇಲೆ ಹಲಗೆ ಬಡಿಯುತ್ತಿದ್ದವರು ಒಬ್ಬೊಬ್ಬರಾಗಿ ಕೈ ಇಳಿಸಿದರು.

"ಬನ್ರೋ! ಭಯ ಬಿತ್ತಾ?" ಎಂದಳು ಲೊರೇನ್.

ಕೊರಿನ್ ಹಲಗೆ ಹಾರಿ ಅವಳ ಬಳಿ ಹೋದಳು. "ಅಮ್ಮ. ಒಳಗಿದೆ."

"ಏನು ಒಳಗಿದೆ?"

"ಪಕ್ಕು. ಗೋಲಾಯ್ತಮ್ಮ. ಮುಗೀತು."

ಲೊರೇನ್ ತಲೆಯನ್ನಷ್ಟೇ ಅಲ್ಲ, ಇಡೀ ಮೈಯನ್ನು ಹಿಂದಕ್ಕೆ ತಿರುಗಿಸಿ ನೋಡಿದಳು. ಬಲೆಯ ಎಡ ಮೂಲೆಯಲ್ಲಿ ಅದು ಬಿದ್ದಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಮತ್ತೆ ನಮ್ಮ ಬೆಂಚಿನ ಕಡೆ ತಿರುಗಿದಾಗ, ಬೆಂಚಿನ ಮೇಲೆ ಇನ್ನೂ ನಿಂತೇ ಇದ್ದ ಡೆಲ್ಬರ್ಟ್ ಮಗುವಿನ ಹಾಗೆ ಅಳುತ್ತಿದ್ದ. ಸೋತದ್ದಕ್ಕೆ ಡೆಲ್ಬರ್ಟ್ ಅಳುವವನಲ್ಲ. ಅದು ಅವಳಿಗೂ ಗೊತ್ತಿತ್ತು.

ಬೆಂಚಿಗೆ ಬಂದು, ಜಾಲರಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದಳು. "ಯಾವಾಗಿಂದ ಗೊತ್ತು?"

ಡೆಲ್ಬರ್ಟ್ ಬೆಂಚಿನಿಂದ ಕೆಳಗಿಳಿದ.

"ಏಪ್ರಿಲ್‌ನಿಂದ" ಎಂದಳು ಕೊರಿನ್. "ನಾನೇ ಇವರಿಗೆ ಹೇಳಿದ್ದು."

"ಹಂಗಾದ್ರೆ ಬೇಸಿಗೆಯೆಲ್ಲ ನಾನು ತಡೆದಿದ್ದು..."

"ನೀನೇ ತಡೆದಿದ್ದಮ್ಮ. ನಾವು ಸುಮ್ನೆ ಕೂಗಿದ್ವಿ."

ಲೊರೇನ್ ತಲೆಯಾಡಿಸಿದಳು. ಸಿಟ್ಟಿನ ದನಿಯಲ್ಲಿ ಹೇಳಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವಳು ಮೆಲ್ಲಗೆ, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕುವವರ ಹಾಗೆ ಹೇಳಿದಳು. "ಜುಲೈನಲ್ಲೇ ಆಪರೇಷನ್ ಮಾಡ್ಬೇಕು ಅಂದ್ರು ಡಾಕ್ಟರು. ಉಳಿದಿರೋದನ್ನ ಉಳಿಸ್ಕೊಬೇಕು, ತಡ ಮಾಡ್ಬೇಡಿ ಅಂದ್ರು. ನಾನು ಬೇಡ ಅಂದೆ. ನಿಮ್ಮ ಮಷೀನ್ ಏನಾದ್ರೂ ಹೇಳ್ಲಿ, ನಂಗೆ ಎಡಗಡೆ ಚೆನ್ನಾಗಿ ಕಾಣ್ತಿದೆ, ಭಾನುವಾರ ಬಂದು ನನ್ನ ಆಟ ನೋಡಿ ಅಂದೆ. ಹನಿ ಔಷಧಿ ಹಿಡಿಸಿದೆ ಅಂದ್ಕೊಂಡಿದ್ದೆ. ನಾನೇ ನೋಡ್ತಿದೀನಿ ಅಂದ್ಕೊಂಡಿದ್ದೆ ಕಣ್ರೋ."

ಕೊರಿನ್ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವಳ ಬಾಯಿಂದ ಬಂದದ್ದು ಮಾತಲ್ಲ, ಒಂದು ಥರದ ಉಸಿರು. ಲೊರೇನ್ ಅವಳನ್ನು ಎತ್ತಲಿಲ್ಲ, ಬೈಯಲೂ ಇಲ್ಲ. ಸ್ಕೇಟ್ಸ್ ಬಿಚ್ಚಿ, ಚಪ್ಪಲಿ ಹಾಕಿಕೊಂಡು, ಕಂಬಿ ಹಿಡಿದುಕೊಂಡು ನಡೆದುಹೋದಳು. ರಸ್ತೆಯಲ್ಲಿ ಸಿಕ್ಕ ವೆಸ್‌ನ ಹೆಂಡತಿ ಕಾರಿನಲ್ಲಿ ಮನೆಗೆ ಬಿಟ್ಟಳಂತೆ.

ನವೆಂಬರ್‌ನಲ್ಲಿ ಆಪರೇಷನ್ ಆಯಿತು. ಕರೆದುಕೊಂಡು ಹೋದದ್ದು, ಕರೆತಂದದ್ದು ಕೊರಿನ್ನೇ; ದಾರಿಯುದ್ದಕ್ಕೂ ಇಬ್ಬರೂ ರೇಡಿಯೋ ಕೇಳಿದರಂತೆ. ಬಲಗಣ್ಣಿನಲ್ಲಿ ಒಂದಿಷ್ಟು ದೃಷ್ಟಿ ಉಳಿಯಿತು. ಎಡಗಣ್ಣಿಗೆ ಈಗ ಕಿಟಕಿ ಎಲ್ಲಿದೆ ಎನ್ನುವುದಷ್ಟೇ ತಿಳಿಯುತ್ತದೆ. ಜುಲೈನಲ್ಲಿ ಮಾಡಿಸಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಕೊರಿನ್ ಡಾಕ್ಟರನ್ನು ಕೇಳಿದಳು. ಅವರು ಹೇಳುವುದು ಕಷ್ಟ ಎಂದರು. ಅವಳು ಮತ್ತೆ ಕೇಳಿದಳು. ಅವರು ಮತ್ತೆ ಅದನ್ನೇ ಹೇಳಿದರು.

ಜನವರಿಯಲ್ಲಿ ಲೊರೇನ್ ಅಂಗಡಿ ತೆರೆದಳು. ಕೆಲಸ ನಿಧಾನವಾಗಿತ್ತು, ಆದರೆ ಕತ್ತರಿಯ ತುದಿ ಕಣ್ಣೆದುರೇ ಇರುವುದರಿಂದ ನಡೆಯುತ್ತಿತ್ತು. ನಾನು ನನ್ನ ಸರದಿಗೆ ಕಾಯುತ್ತ ಕೂತಿದ್ದಾಗ ವೆಸ್ ಕುರ್ಚಿಯಲ್ಲಿದ್ದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ, "ಲೊರೇನ್, ನಂಗೆ ಗೊತ್ತಿದ್ದಿದ್ರೆ ಆ ಕಡೆ ಹೊಡೀತಾನೇ ಇರ್ಲಿಲ್ಲ" ಎಂದ.

ಅವಳು ಅವನ ತಲೆಯನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದಳು. "ಅಲ್ಲಾಡ್ಬೇಡ. ಹೋದ ವರ್ಷ ನನ್ನ ಜೊತೆ ಸರಿಯಾಗಿ ಆಡಿದವನು ನೀನೊಬ್ಬನೇ."

ನಾನು ಕೂತಿದ್ದು ಅವಳಿಗೆ ಗೊತ್ತಿತ್ತು. ನನ್ನ ಕೂದಲನ್ನೂ ಚೆನ್ನಾಗಿಯೇ ಕತ್ತರಿಸಿದಳು. ಹವೆಯ ವಿಷಯ ಮಾತಾಡಿದಳು.

ಈ ವಸಂತದಲ್ಲಿ ನಮಗೆ ಹೊಸ ಗೋಲ್‌ಕೀಪರ್ ಸಿಕ್ಕಿದ್ದಾನೆ. ಡೆಲ್ಬರ್ಟ್ ಆಡುವುದನ್ನೇ ಬಿಟ್ಟಿದ್ದಾನೆ. ಕೊರಿನ್ ಬರುತ್ತಾಳೆ, ಆಡುತ್ತಾಳೆ, ಬಿಯರಿಗೆ ನಿಲ್ಲದೆ ಹೋಗುತ್ತಾಳೆ. ಹೋದ ವಾರ ಅವಳು ಕಾರಿನ ಬಳಿ ಸ್ಕೇಟ್ಸ್ ಬಿಚ್ಚುತ್ತಿದ್ದಾಗ ಕೇಳಿದೆ. "ಅಮ್ಮ ಮಾತಾಡ್ತಾಳಾ?"

"ಮಾತಾಡ್ತಾಳೆ. ಭಾನುವಾರ ಊಟಕ್ಕೆ ಕರೀತಾಳೆ. ನಾನು ಪ್ರತಿ ಸಲ ಕೇಳ್ತೀನಿ, ಹೇಗೆ ಕಾಣ್ತಿದೆ ಅಮ್ಮ ಅಂತ. ಚೆನ್ನಾಗಿ ಕಾಣ್ತಿದೆ ಅಂತಾಳೆ." ಸ್ಕೇಟಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನಿಜ ಹೇಳು ಅಂತ ಕೇಳಕ್ಕೆ ನಂಗೆ ಬಾಯೆಲ್ಲಿದೆ, ಹೇಳು?"

ಅವಳು ಕಾರಿನ ಬಾಗಿಲು ಎಳೆದುಕೊಂಡು, ಅಮ್ಮನ ಮನೆಯ ಕಡೆಗೆ ಹೊರಟಳು.